ಹಡಗು ದಡ ಮುಟ್ಟುವ ಮುನ್ನ ಆರೋಗ್ಯ ತಪಾಸಣೆ: ನಾವಿಕರ ಮನೆಯವರು ಮತ್ತು ಪ್ರಯಾಣಿಕರು ತಿಳಿಯಬೇಕಾದದ್ದು

ಮಗನೋ, ಗಂಡನೋ ಸರಕು ಹಡಗಿನಲ್ಲಿ ಕೆಲಸಕ್ಕಿದ್ದಾರೆ. ಒಂದು ದಿನ ಮೆಸೇಜ್ ಬರುತ್ತದೆ: ‘ಮೂರು ದಿನದಿಂದ ಜ್ವರ. ಹಡಗು ಬಂದರಿನ ಹೊರಗೆ ನಿಂತಿದೆ. ಊರಿನ ದೀಪ ಕಾಣುತ್ತದೆ, ಆದರೆ ಇಳಿಯಲು ಬಿಡುತ್ತಿಲ್ಲ.’ ಮನೆಯವರಿಗೆ ಕೈಕಾಲು ಆಡುವುದಿಲ್ಲ. ಕಾಯಿಲೆ ಬಿದ್ದವರನ್ನು ಆಸ್ಪತ್ರೆಗೆ ಸೇರಿಸುವುದು ಬಿಟ್ಟು ನೀರಿನ ಮೇಲೆ ಏಕೆ ಕಾಯಿಸುತ್ತಾರೆ? ಯಾರನ್ನು ಕೇಳಬೇಕು?

ಕರಾವಳಿ ಮೂಲದ ಎಷ್ಟೋ ಕನ್ನಡಿಗರ ಮನೆಗಳಲ್ಲಿ ಒಬ್ಬರಾದರೂ ಹಡಗಿನ ಕೆಲಸದಲ್ಲಿರುತ್ತಾರೆ. ಈಚೆಗೆ ಮನೆಯ ಹಿರಿಯರನ್ನು ಕ್ರೂಸ್ ಹಡಗಿನಲ್ಲಿ ಕರೆದೊಯ್ಯುವವರೂ ಇದ್ದಾರೆ. ಹಡಗೊಂದು ಬಂದರು ಪ್ರವೇಶಿಸುವಾಗ ಆರೋಗ್ಯದ ಮಟ್ಟಿಗೆ ಏನೇನು ನಡೆಯುತ್ತದೆ, ಅದರಲ್ಲಿ ರೋಗಿಯ ಹಕ್ಕೇನು, ಮನೆಯವರು ಏನು ಮಾಡಬಹುದು ಎಂಬುದನ್ನು ಇಲ್ಲಿ ನೋಡೋಣ.

ಹಡಗು ನೇರವಾಗಿ ಒಳಗೆ ಏಕೆ ಬರುವಂತಿಲ್ಲ?

ದೊಡ್ಡ ಹಡಗು ಬಂದರಿಗೆ ಬರಲು ಹಲವು ಸಂಗತಿಗಳು ಕೂಡಿಬರಬೇಕು. ದಕ್ಕೆಯಲ್ಲಿ ಜಾಗ ಖಾಲಿ ಇರಬೇಕು. ಹಡಗಿನ ತಳ ತಾಗದಷ್ಟು ನೀರಿನ ಆಳ ಇರಬೇಕು. ಕೆಲವು ಕಡೆ ಅದಕ್ಕಾಗಿ ಉಬ್ಬರದ ಹೊತ್ತಿಗೆ ಕಾಯಬೇಕಾಗುತ್ತದೆ. ಗಾಳಿ, ಅಲೆ ಹಿಡಿತದಲ್ಲಿರಬೇಕು. ಸ್ಥಳೀಯ ನೀರಿನ ದಾರಿ ಬಲ್ಲ ಪೈಲಟ್ ಹಡಗನ್ನೇರಿ ದಾರಿ ತೋರಬೇಕು. ಅಲ್ಲಿಯವರೆಗೆ ಹಡಗು ಹೊರಗೆ ಲಂಗರು ಹಾಕಿ ನಿಲ್ಲುತ್ತದೆ.

ಇವುಗಳ ಜೊತೆ ಕಸ್ಟಮ್ಸ್, ವಲಸೆ ವಿಭಾಗ ಮತ್ತು ಆರೋಗ್ಯ ವಿಭಾಗದ ಅನುಮತಿಗಳೂ ಬೇಕು. ಆರೋಗ್ಯ ವಿಭಾಗ ಕೊಡುವ ಅನುಮತಿಗೆ ‘ಫ್ರೀ ಪ್ರಾಟೀಕ್’ ಎಂದು ಹೆಸರು. ಹಡಗಿನಲ್ಲಿ ಊರಿಗೆ ಹರಡುವಂಥ ರೋಗವಿಲ್ಲ, ಜನ ಇಳಿಯಬಹುದು, ಸರಕು ಇಳಿಸಬಹುದು ಎಂಬುದು ಅದರ ಅರ್ಥ. ಹಡಗಿನ ಮೇಲೆ ಅಪ್ಪಟ ಹಳದಿ ಬಾವುಟ ಹಾರುತ್ತಿದ್ದರೆ ಗಾಬರಿಯಾಗಬೇಡಿ. ‘ನಮ್ಮ ಹಡಗಿನಲ್ಲಿ ಎಲ್ಲರೂ ಆರೋಗ್ಯವಾಗಿದ್ದಾರೆ, ಅನುಮತಿ ಕೊಡಿ’ ಎಂದು ಕೇಳುವ ಸಂಕೇತ ಅದು.

ಈಗ ಬಹುಪಾಲು ಹಡಗುಗಳು ಮೊದಲೇ ಇಮೇಲ್ ಅಥವಾ ರೇಡಿಯೊ ಮೂಲಕ ಮಾಹಿತಿ ಕಳಿಸುತ್ತವೆ. ಅನುಮಾನಕ್ಕೆ ಕಾರಣವಿಲ್ಲದಿದ್ದರೆ ಅಧಿಕಾರಿ ಹಡಗು ಏರದೆಯೇ ಅನುಮತಿ ಸಿಗಬಹುದು. ಕಾಯಿಲೆಯ ಸುಳಿವಿದ್ದರೆ ಮಾತ್ರ ವೈದ್ಯರು ಹಡಗಿಗೇ ಹೋಗಿ ನೋಡುತ್ತಾರೆ.

ತಪಾಸಣೆ ಮಾಡುವವರು ಯಾರು?

ಭಾರತದಲ್ಲಿ ಈ ಹೊಣೆ ಪೋರ್ಟ್ ಹೆಲ್ತ್ ಆರ್ಗನೈಸೇಷನ್‌ನದು, ಅಂದರೆ ಬಂದರು ಆರೋಗ್ಯ ಸಂಸ್ಥೆಯದು. ಇದು ಕೇಂದ್ರ ಆರೋಗ್ಯ ಸಚಿವಾಲಯದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯದ ಅಡಿ ಕೆಲಸ ಮಾಡುತ್ತದೆ. ಮುಂಬೈ, ಚೆನ್ನೈ, ಕೋಲ್ಕತ್ತ, ಕೊಚ್ಚಿ, ವಿಶಾಖಪಟ್ಟಣದಂಥ ಬಂದರುಗಳಲ್ಲಿ ಇದರ ಕಚೇರಿಗಳಿವೆ. ಇದರ ಕೆಲಸಕ್ಕೆ 1955ರ ಬಂದರು ಆರೋಗ್ಯ ನಿಯಮಗಳು ಮತ್ತು ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ಆರೋಗ್ಯ ನಿಯಮಾವಳಿ ಆಧಾರ. 2005ರಲ್ಲಿ ಒಪ್ಪಿಗೆಯಾದ ಈ ನಿಯಮಾವಳಿ 2007ರ ಜೂನ್ 15ರಿಂದ ಜಾರಿಯಲ್ಲಿದೆ.

ಈ ನಿಯಮಾವಳಿಯ ಒಂದು ಅಂಶ ಮನೆಯವರಿಗೆ ಸಮಾಧಾನ ತರುವಂಥದ್ದು. ರೋಗದ ಕಾರಣ ಹೇಳಿ ಹಡಗನ್ನು ಸುಮ್ಮನೆ ವಾಪಸ್ ಅಟ್ಟುವಂತಿಲ್ಲ. ಆ ಬಂದರಿನಲ್ಲಿ ತಕ್ಕ ವ್ಯವಸ್ಥೆ ಇಲ್ಲದಿದ್ದರೆ, ವ್ಯವಸ್ಥೆ ಇರುವ ಹತ್ತಿರದ ಬಂದರಿಗೆ ಹೋಗಲು ಸೂಚಿಸಬಹುದು.

ಯಾವ ಯಾವ ಕಾಗದ ನೋಡುತ್ತಾರೆ?

ಮೊದಲನೆಯದು, ಹಡಗಿನ ಆರೋಗ್ಯ ಘೋಷಣೆ. ಕ್ಯಾಪ್ಟನ್ ಸಹಿ ಮಾಡಿ ಕೊಡುವ ಈ ಫಾರಂನಲ್ಲಿ 9 ಪ್ರಶ್ನೆಗಳಿವೆ. ಅಪಘಾತ ಬಿಟ್ಟು ಬೇರೆ ಕಾರಣಕ್ಕೆ ಯಾರಾದರೂ ತೀರಿಕೊಂಡಿದ್ದಾರೆಯೇ, ಸೋಂಕಿನ ಅನುಮಾನವಿರುವ ರೋಗಿ ಇದ್ದಾರೆಯೇ, ಎಂದಿಗಿಂತ ಹೆಚ್ಚು ಜನ ಕಾಯಿಲೆ ಬಿದ್ದಿದ್ದಾರೆಯೇ, ವೈದ್ಯರನ್ನು ಕೇಳಿದ್ದೀರಾ, ಕಾಯಿಲೆಯ ಪ್ರಾಣಿ ಇದೆಯೇ ಎಂಬಂಥ ಪ್ರಶ್ನೆಗಳು ಅವು. ಕಳೆದ 30 ದಿನಗಳಲ್ಲಿ ಹಡಗು ಹೋಗಿದ್ದ ಬಂದರುಗಳ ವಿವರವನ್ನೂ ಕೊಡಬೇಕು.

ಎರಡನೆಯದು, ಹಡಗಿನ ನೈರ್ಮಲ್ಯ ಪ್ರಮಾಣಪತ್ರ. ಅಡುಗೆಮನೆ, ಕುಡಿಯುವ ನೀರಿನ ಟ್ಯಾಂಕ್, ಕಸ, ಒಳಚರಂಡಿ, ಇಲಿ, ಸೊಳ್ಳೆ, ಜಿರಲೆ ಎಲ್ಲವನ್ನೂ ಪರೀಕ್ಷಿಸಿ ಇದನ್ನು ಕೊಡುತ್ತಾರೆ. ಇದರ ಅವಧಿ ಹೆಚ್ಚೆಂದರೆ 6 ತಿಂಗಳು. ತಪಾಸಣೆಗೆ ಅನುಕೂಲವಿಲ್ಲದ ಬಂದರಿನಲ್ಲಿದ್ದರೆ ಒಂದು ತಿಂಗಳು ವಿಸ್ತರಿಸಬಹುದು.

ಮೂರನೆಯದು, ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ. ಇದರ ಬಗ್ಗೆ ಮುಂದೆ ವಿವರವಾಗಿ ನೋಡೋಣ.

ಯಾವ ಲಕ್ಷಣಗಳನ್ನು ತಿಳಿಸಲೇಬೇಕು?

ಸರಕು ಹಡಗುಗಳಲ್ಲಿ ಸಾಮಾನ್ಯವಾಗಿ ವೈದ್ಯರಿರುವುದಿಲ್ಲ. 100 ಅಥವಾ ಹೆಚ್ಚು ಜನರಿದ್ದು, 3 ದಿನಕ್ಕಿಂತ ಹೆಚ್ಚಿನ ಅಂತರರಾಷ್ಟ್ರೀಯ ಪ್ರಯಾಣ ಮಾಡುವ ಹಡಗುಗಳಲ್ಲಿ ಮಾತ್ರ ವೈದ್ಯರು ಕಡ್ಡಾಯ. ಉಳಿದ ಕಡೆ ತರಬೇತಿ ಪಡೆದ ಅಧಿಕಾರಿಯೊಬ್ಬರು ಔಷಧಿ ಪೆಟ್ಟಿಗೆ ನೋಡಿಕೊಳ್ಳುತ್ತಾರೆ. ವೈದ್ಯರಿಲ್ಲದ ಹಡಗಿನ ಕ್ಯಾಪ್ಟನ್ ಈ ಲಕ್ಷಣಗಳನ್ನು ಸೋಂಕಿನ ಅನುಮಾನವೆಂದೇ ಎಣಿಸಬೇಕು:

• ಹಲವು ದಿನ ಬಿಡದ ಜ್ವರ
• ಜ್ವರದ ಜೊತೆ ವಿಪರೀತ ನಿತ್ರಾಣ, ಪ್ರಜ್ಞೆ ಮಂಕಾಗುವುದು, ಗಂಟಲು, ಕಂಕುಳು ಅಥವಾ ತೊಡೆಸಂದಿನಲ್ಲಿ ಗಡ್ಡೆ, ಕಾಮಾಲೆ, ಕೆಮ್ಮು ಅಥವಾ ಉಸಿರಾಟದ ತೊಂದರೆ, ಅಸಹಜ ರಕ್ತಸ್ರಾವ, ಪಾರ್ಶ್ವವಾಯು
• ಜ್ವರ ಇರಲಿ ಬಿಡಲಿ, ಮೈಮೇಲೆ ಏಕಾಏಕಿ ಗುಳ್ಳೆ ಅಥವಾ ದದ್ದು, ತೀವ್ರ ವಾಂತಿ, ತೀವ್ರ ಭೇದಿ, ಮತ್ತೆ ಮತ್ತೆ ಫಿಟ್ಸ್

ಕೆಲವು ನಾವಿಕರು ‘ಹೇಳಿದರೆ ಕೆಲಸ ಹೋಗುತ್ತದೆ, ಹಡಗು ನಿಲ್ಲುತ್ತದೆ’ ಎಂದು ಜ್ವರವನ್ನು ಮಾತ್ರೆ ನುಂಗಿ ಮುಚ್ಚಿಡುತ್ತಾರೆ. ಇದು ಎರಡು ರೀತಿಯಲ್ಲಿ ಅಪಾಯ. ರೋಗಿಯ ಚಿಕಿತ್ಸೆ ತಡವಾಗುತ್ತದೆ; ಒಂದೇ ಮೆಸ್‌ನಲ್ಲಿ ಉಣ್ಣುವ, ಒಂದೇ ಗಾಳಿ ಉಸಿರಾಡುವ ಸಹೋದ್ಯೋಗಿಗಳಿಗೂ ಸೋಂಕು ತಗಲುತ್ತದೆ. ಮುಂಚೆ ತಿಳಿಸಿದರೆ ಬಂದರಿನಲ್ಲಿ ಆಂಬುಲೆನ್ಸ್, ಆಸ್ಪತ್ರೆ ಸಿದ್ಧವಾಗಿರುತ್ತದೆ.

ಹಳದಿ ಜ್ವರಕ್ಕೆ ಇಷ್ಟು ಕಟ್ಟುನಿಟ್ಟು ಏಕೆ?

ಹಳದಿ ಜ್ವರ ಆಫ್ರಿಕಾ ಮತ್ತು ದಕ್ಷಿಣ ಅಮೆರಿಕದ ಕೆಲವು ದೇಶಗಳಲ್ಲಿದೆ, ಭಾರತದಲ್ಲಿಲ್ಲ. ಆದರೆ ಅದನ್ನು ಹರಡುವ ಈಡಿಸ್ ಸೊಳ್ಳೆ, ಅಂದರೆ ಡೆಂಗಿ ಹರಡುವ ಅದೇ ಸೊಳ್ಳೆ, ನಮ್ಮಲ್ಲಿ ಧಾರಾಳವಾಗಿದೆ. ವೈರಸ್ ಹೊತ್ತ ಒಬ್ಬ ವ್ಯಕ್ತಿ ಅಥವಾ ಸೊಳ್ಳೆ ಒಳಬಂದರೆ ರೋಗ ಇಲ್ಲೇ ನೆಲೆಯೂರಬಹುದು ಎಂಬ ಆತಂಕವೇ ಈ ಬಿಗಿಗೆ ಕಾರಣ. ಬಂದರಿನ ಸುತ್ತ ಕನಿಷ್ಠ 400 ಮೀಟರ್‌ವರೆಗೆ ಸೊಳ್ಳೆ ಮುಂತಾದ ರೋಗವಾಹಕಗಳನ್ನು ನಿಯಂತ್ರಿಸಬೇಕೆಂದು ಅಂತರರಾಷ್ಟ್ರೀಯ ನಿಯಮ ಹೇಳುವುದೂ ಇದಕ್ಕಾಗಿಯೇ.

ರೋಗವಿರುವ ಪ್ರದೇಶ ಬಿಟ್ಟು 6 ದಿನದೊಳಗೆ ಪ್ರಮಾಣಪತ್ರವಿಲ್ಲದೆ ಭಾರತಕ್ಕೆ ಬಂದವರನ್ನು 6 ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಸೋಂಕು ತಗಲಿ ಲಕ್ಷಣ ಕಾಣಿಸಲು ಹಿಡಿಯುವ ಅವಧಿ ಅಷ್ಟು. ಹಿಂದಿನ 30 ದಿನಗಳಲ್ಲಿ ಅಂಥ ಬಂದರು ಮುಟ್ಟಿದ, ಸೊಳ್ಳೆನಾಶಕ ಸಿಂಪಡಿಸದ ಹಡಗಿನಲ್ಲಿ ಬಂದವರಿಗೂ ಈ ನಿಯಮ ಅನ್ವಯಿಸುತ್ತದೆ.

ಲಸಿಕೆ ಒಂದೇ ಡೋಸ್. ಪ್ರಮಾಣಪತ್ರ ಊರ್ಜಿತವಾಗುವುದು ಲಸಿಕೆ ಪಡೆದ 10 ದಿನಗಳ ನಂತರ. ಆದ್ದರಿಂದ ಹೊರಡುವ ಹಿಂದಿನ ದಿನ ಓಡಿದರೆ ಪ್ರಯೋಜನವಿಲ್ಲ. 2016ರ ಜುಲೈ 11ರಿಂದ ಇದರ ಮಾನ್ಯತೆ ಜೀವನಪರ್ಯಂತ. ಹಳೆಯ ಪುಸ್ತಿಕೆಯಲ್ಲಿ 10 ವರ್ಷ ಎಂದು ಬರೆದಿದ್ದರೂ ಮತ್ತೆ ಚುಚ್ಚಿಸಿಕೊಳ್ಳಬೇಕಿಲ್ಲ. ಕೇಂದ್ರ ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ ಈ ಲಸಿಕೆ ಪಡೆಯಬೇಕು. ಮುಂಬೈ, ಚೆನ್ನೈ ಬಂದರು ಆರೋಗ್ಯ ಸಂಸ್ಥೆಗಳು ಆ ಪಟ್ಟಿಯಲ್ಲಿವೆ.

ಇದು ಜೀವಂತ ವೈರಸ್ಸನ್ನು ದುರ್ಬಲಗೊಳಿಸಿ ತಯಾರಿಸಿದ ಲಸಿಕೆ. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಅಂಗ ಕಸಿ ಮಾಡಿಸಿಕೊಂಡವರು, ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧಿ ತೆಗೆದುಕೊಳ್ಳುವವರು, ಮೊಟ್ಟೆಗೆ ತೀವ್ರ ಅಲರ್ಜಿ ಇರುವವರು, ಥೈಮಸ್ ಗ್ರಂಥಿಯ ಕಾಯಿಲೆ ಇರುವವರು ಮೊದಲೇ ವೈದ್ಯರಿಗೆ ಹೇಳಬೇಕು. 60 ದಾಟಿದವರು, ಗರ್ಭಿಣಿಯರು, ಹಾಲುಣಿಸುವ ತಾಯಂದಿರು ಲಾಭ–ಅಪಾಯ ತೂಗಿ ನಿರ್ಧರಿಸಬೇಕು. ಲಸಿಕೆ ಕೊಡಬಾರದೆಂದು ವೈದ್ಯರು ಲಿಖಿತವಾಗಿ ಕೊಟ್ಟ ಪತ್ರವನ್ನು ಅಧಿಕಾರಿಗಳು ಪರಿಗಣಿಸುತ್ತಾರೆ. ಆದರೂ ಪ್ರತ್ಯೇಕವಾಸಕ್ಕೆ ಸಿದ್ಧರಿರಬೇಕು.

ಈ ಲಸಿಕೆ ಮಲೇರಿಯಾ ತಡೆಯುವುದಿಲ್ಲ. ಆಫ್ರಿಕಾದ ಬಂದರಿಗೆ ಹೋಗಿ ಬಂದವರಿಗೆ ಮನೆಗೆ ಬಂದ ಮೇಲೆ ಜ್ವರ ಬಂದರೆ, ಅದು ಕೆಲವು ವಾರಗಳ ನಂತರವಾದರೂ, ವೈದ್ಯರಿಗೆ ಮೊದಲು ಹೇಳಬೇಕಾದ ಮಾತು ‘ನಾನು ಹಡಗಿನಲ್ಲಿ ಆಫ್ರಿಕಾಕ್ಕೆ ಹೋಗಿದ್ದೆ’ ಎಂಬುದು. ಫಾಲ್ಸಿಪಾರಂ ಮಲೇರಿಯಾ ಒಂದೆರಡು ದಿನದಲ್ಲೇ ಪ್ರಾಣಕ್ಕೆ ಎರವಾಗಬಲ್ಲದು. ಅದೇ ದಿನ ರಕ್ತ ಪರೀಕ್ಷೆ ಆಗಲಿ.

ಹಡಗಿನಲ್ಲಿ ರೋಗಿ ಇದ್ದರೆ ಏನಾಗುತ್ತದೆ?

ನಡುಗಡಲಿನಲ್ಲಿದ್ದರೆ ಕ್ಯಾಪ್ಟನ್ ರೇಡಿಯೊ ಅಥವಾ ಉಪಗ್ರಹ ಫೋನ್ ಮೂಲಕ ವೈದ್ಯರ ಸಲಹೆ ಪಡೆಯುತ್ತಾರೆ. ಯಾವ ದೇಶದ ಹಡಗಾದರೂ ಈ ಸಲಹೆ ಹಗಲು–ರಾತ್ರಿ ಉಚಿತವಾಗಿ ಸಿಗಬೇಕೆಂದು ಅಂತರರಾಷ್ಟ್ರೀಯ ಒಪ್ಪಂದವಿದೆ. ರೋಮ್‌ನಲ್ಲಿರುವ ಸಿಐಆರ್‌ಎಂ ಎಂಬ ಕೇಂದ್ರ 1935ರಿಂದಲೂ ಈ ಸೇವೆ ಮಾಡುತ್ತಿದೆ. ಪರಿಸ್ಥಿತಿ ಗಂಭೀರವಾದರೆ ಹಡಗು ದಾರಿ ಬದಲಿಸಿ ಹತ್ತಿರದ ಬಂದರಿಗೆ ಹೋಗಬಹುದು, ಇಲ್ಲವೇ ಕೋಸ್ಟ್ ಗಾರ್ಡ್ ದೋಣಿಯಲ್ಲೋ ಹೆಲಿಕಾಪ್ಟರ್‌ನಲ್ಲೋ ರೋಗಿಯನ್ನು ಇಳಿಸಬಹುದು. ಭಾರತದ ಕಡಲಿನಲ್ಲಿ ಕೋಸ್ಟ್ ಗಾರ್ಡ್ ತುರ್ತು ಸಂಖ್ಯೆ 1554.

ಬಂದರಿನ ಹೊರಗೆ ಲಂಗರು ಹಾಕಿದ್ದರೆ, ಹಡಗಿನ ಸರದಿ ಬರುವವರೆಗೆ ರೋಗಿ ಕಾಯಬೇಕೆಂದಿಲ್ಲ. ಹಡಗು ಕಂಪನಿಯ ಸ್ಥಳೀಯ ಏಜೆಂಟ್ ಲಾಂಚ್ ಕಳಿಸಿ, ಆರೋಗ್ಯ ಮತ್ತು ವಲಸೆ ಅಧಿಕಾರಿಗಳ ಒಪ್ಪಿಗೆ ಪಡೆದು ರೋಗಿಯನ್ನು ಆಸ್ಪತ್ರೆಗೆ ಸಾಗಿಸಬಹುದು. ತಡವಾಗುವುದು ಹೆಚ್ಚಾಗಿ ಮೂರು ಕಾರಣಕ್ಕೆ: ಸೋಂಕಿನ ಅನುಮಾನ, ಬೇರೆ ದೇಶದಲ್ಲಿ ಇಳಿಯಲು ವಲಸೆ ಕಾಗದ, ಮತ್ತು ಮಳೆಗಾಲದ ಅಲೆಯಲ್ಲಿ ಏಣಿಯಿಂದ ಲಾಂಚ್‌ಗೆ ಇಳಿಸುವ ಅಪಾಯ.

ಅತಿಯಾದ ನಿರ್ಬಂಧದಿಂದಲೂ ಹಾನಿಯುಂಟು. 2020ರ ಫೆಬ್ರವರಿಯಲ್ಲಿ ಜಪಾನಿನ ಯೊಕೊಹಾಮಾದಲ್ಲಿ ತಡೆಹಿಡಿದ ಡೈಮಂಡ್ ಪ್ರಿನ್ಸೆಸ್ ಹಡಗಿನ 3,711 ಜನರಲ್ಲಿ 712 ಮಂದಿಗೆ ಕೋವಿಡ್ ತಗಲಿತು. ಅದರಲ್ಲಿ ಭಾರತೀಯ ಸಿಬ್ಬಂದಿಯೂ ಇದ್ದರು. ಅದೇ ವರ್ಷದ ಕೊನೆಯ ಹೊತ್ತಿಗೆ, ಇಳಿಯಲು ಅನುಮತಿಯಿಲ್ಲದೆ ಸುಮಾರು 4 ಲಕ್ಷ ನಾವಿಕರು ಅವಧಿ ಮುಗಿದರೂ ಹಡಗುಗಳಲ್ಲೇ ಉಳಿದಿದ್ದರೆಂದು ಅಂತರರಾಷ್ಟ್ರೀಯ ಸಾಗರ ಸಂಸ್ಥೆ ಅಂದಾಜಿಸಿತ್ತು. ಇತ್ತ ತಪಾಸಣೆ ಸಡಿಲವಾದರೆ ಏನಾಗುತ್ತದೆಂಬುದಕ್ಕೂ ಉದಾಹರಣೆಯಿದೆ. 1896ರಲ್ಲಿ ಮುಂಬೈ ಬಂದರಿನ ಪಕ್ಕದ ಮಾಂಡ್ವಿಯಲ್ಲಿ ಕಾಣಿಸಿದ ಪ್ಲೇಗ್ 1898ರಲ್ಲಿ ಬೆಂಗಳೂರನ್ನೂ ನಡುಗಿಸಿತು. ಹಡಗಿನ ಹಗ್ಗಗಳಿಗೆ ಇಂದಿಗೂ ಇಲಿ ತಡೆಯುವ ದುಂಡನೆಯ ತಟ್ಟೆ ಸಿಕ್ಕಿಸುವುದು ಅಂಥ ಅನುಭವದ ಪಾಠ.

ನಾವಿಕರಿಗೆ ಯಾವ ಹಕ್ಕುಗಳಿವೆ?

2006ರ ಸಾಗರ ಕಾರ್ಮಿಕ ಒಪ್ಪಂದವನ್ನು ಭಾರತ 2015ರಲ್ಲಿ ಒಪ್ಪಿಕೊಂಡಿದೆ. ಅದರ ಪ್ರಕಾರ:

• ಸಾಧ್ಯವಿರುವ ಕಡೆಯೆಲ್ಲ, ಬಂದರಿನಲ್ಲಿ ವೈದ್ಯರನ್ನೋ ದಂತವೈದ್ಯರನ್ನೋ ತಡವಿಲ್ಲದೆ ಕಾಣುವ ಹಕ್ಕಿದೆ.
• ಹಡಗಿನಲ್ಲಿರುವಾಗ ಬಂದ ಕಾಯಿಲೆ, ಗಾಯದ ಚಿಕಿತ್ಸೆ ಮತ್ತು ಊರಿಗೆ ಕಳಿಸುವ ಖರ್ಚು ಹಡಗಿನ ಮಾಲೀಕರದು.
• ಮಾಲೀಕರ ಈ ಹೊಣೆಗೆ ದೇಶದ ಕಾನೂನು ಮಿತಿ ಹಾಕಿದರೂ, ಅದು ಕಾಯಿಲೆ ಶುರುವಾದ ದಿನದಿಂದ 16 ವಾರಕ್ಕಿಂತ ಕಡಿಮೆ ಇರುವಂತಿಲ್ಲ.
• ಹಡಗಿನ ವೈದ್ಯಕೀಯ ವರದಿಯನ್ನು ಗೋಪ್ಯವಾಗಿ ಇಡಬೇಕು.

ಆದರೆ ಕೆಲಸಕ್ಕೆ ಸೇರುವ ಮುನ್ನದ ವೈದ್ಯಕೀಯ ಪರೀಕ್ಷೆಯಲ್ಲಿ ಬೇಕೆಂದೇ ಕಾಯಿಲೆ ಮುಚ್ಚಿಟ್ಟರೆ ಪರಿಹಾರ ಕೈತಪ್ಪಬಹುದು. ಬಿಪಿ, ಶುಗರ್ ಇದ್ದರೆ ಹೇಳಿ. ಹಿಡಿತದಲ್ಲಿದ್ದು ವೈದ್ಯರು ಒಪ್ಪಿದರೆ ಎಷ್ಟೋ ಜನರಿಗೆ ಕೆಲಸಕ್ಕೆ ಅಡ್ಡಿಯಾಗುವುದಿಲ್ಲ.

ರೋಗಿಯನ್ನು ಕ್ರೂಸ್‌ಗೆ ಕರೆದೊಯ್ಯುವವರಿಗೆ

• ಟಿಕೆಟ್ ಕೊಳ್ಳುವ ಮುನ್ನವೇ ಡಯಾಲಿಸಿಸ್, ಆಕ್ಸಿಜನ್, ಗಾಲಿಕುರ್ಚಿಯ ಅಗತ್ಯವನ್ನು ಕಂಪನಿಗೆ ಲಿಖಿತವಾಗಿ ತಿಳಿಸಿ. ಹಡಗಿನ ಕ್ಲಿನಿಕ್ ಆಸ್ಪತ್ರೆಯಲ್ಲ.
• ಔಷಧಿಗಳನ್ನು ಮೂಲ ಪ್ಯಾಕ್‌ನಲ್ಲಿ, ಚೀಟಿಯ ಸಮೇತ ಕೈಚೀಲದಲ್ಲಿ ಇಟ್ಟುಕೊಳ್ಳಿ. ತಡವಾಗಬಹುದೆಂದು ಒಂದು ವಾರದ ಮಾತ್ರೆ ಹೆಚ್ಚಿಗೆ ಇರಲಿ.
• ಇನ್ಸುಲಿನ್ ತಂಪಾಗಿರಲಿ, ಹೆಪ್ಪುಗಟ್ಟದಿರಲಿ.
• ವಾಂತಿ–ಭೇದಿ ತರುವ ನೊರೊವೈರಸ್ ಹಡಗಿನಲ್ಲಿ ಬೇಗ ಹರಡುತ್ತದೆ. ಸ್ಯಾನಿಟೈಸರ್ ಸಾಲದು, ಸೋಪು–ನೀರಿನಲ್ಲಿ ಕೈ ತೊಳೆಯಿರಿ.
• ಹಡಗು ಏರುವಾಗ ಕೊಡುವ ಆರೋಗ್ಯ ಫಾರಂನಲ್ಲಿ ನಿಜವನ್ನೇ ಬರೆಯಿರಿ.

ಮನೆಯವರು ಈಗಲೇ ಮಾಡಿಟ್ಟುಕೊಳ್ಳಬೇಕಾದದ್ದು

ಹಡಗಿನ ಹೆಸರು ಮತ್ತು ಐಎಂಒ ಸಂಖ್ಯೆ, ಕೆಲಸದ ಒಪ್ಪಂದದ ಪ್ರತಿ, ಸಿಡಿಸಿ ಮತ್ತು ಪಾಸ್‌ಪೋರ್ಟ್ ಪ್ರತಿ, ವೈದ್ಯಕೀಯ ಪ್ರಮಾಣಪತ್ರ, ಲಸಿಕೆ ಪುಸ್ತಿಕೆಯ ಫೋಟೊ, ಕೆಲಸ ಕೊಡಿಸಿದ ಪರವಾನಗಿ ಪಡೆದ ಏಜೆನ್ಸಿಯ 24 ಗಂಟೆಯ ಫೋನ್ ಸಂಖ್ಯೆ: ಇವೆಲ್ಲ ಮನೆಯಲ್ಲಿ ಒಂದೇ ಕಡೆ ಇರಲಿ. ತೊಂದರೆಯ ಸುದ್ದಿ ಬಂದರೆ ಮೊದಲು ಏಜೆನ್ಸಿಗೆ ಫೋನ್ ಮಾಡಿ ನಾಲ್ಕು ಪ್ರಶ್ನೆ ಕೇಳಿ: ರೇಡಿಯೊ ಮೂಲಕ ವೈದ್ಯರ ಸಲಹೆ ಪಡೆದಿದ್ದಾರೆಯೇ? ಬಂದರಿನ ಆರೋಗ್ಯ ಅಧಿಕಾರಿಗೆ ತಿಳಿಸಿದ್ದಾರೆಯೇ? ಸ್ಥಳೀಯ ಏಜೆಂಟ್ ಯಾರು? ಯಾವ ಆಸ್ಪತ್ರೆಗೆ, ಯಾವಾಗ ಸೇರಿಸುತ್ತಾರೆ? ಅದನ್ನೇ ಇಮೇಲ್‌ನಲ್ಲೂ ಕಳಿಸಿ, ದಾಖಲೆ ಉಳಿಯುತ್ತದೆ. ಉತ್ತರ ಸಿಗದಿದ್ದರೆ ಮುಂಬೈನಲ್ಲಿರುವ ಶಿಪ್ಪಿಂಗ್ ಮಹಾನಿರ್ದೇಶನಾಲಯಕ್ಕೆ ದೂರು ಕೊಡಬಹುದು. ವಿದೇಶದ ಬಂದರಾದರೆ ಅಲ್ಲಿನ ಭಾರತೀಯ ರಾಯಭಾರ ಕಚೇರಿಯನ್ನೂ ಸಂಪರ್ಕಿಸಬಹುದು.

ಎದೆನೋವು, ಉಸಿರಾಟದ ತೊಂದರೆ, ಪ್ರಜ್ಞೆ ತಪ್ಪುವುದು, ನಿಲ್ಲದ ರಕ್ತಸ್ರಾವ ಇದ್ದರೆ ಕಾಯುವ ಮಾತೇ ಇಲ್ಲ. ‘ಕ್ಯಾಪ್ಟನ್‌ಗೆ ಈಗಲೇ ಹೇಳು’ ಎಂದು ಹಡಗಿನಲ್ಲಿರುವವರಿಗೆ ಒತ್ತಾಯಿಸಿ.

ಸೂಚನೆ: ಈ ಲೇಖನ ಸಾಮಾನ್ಯ ತಿಳಿವಳಿಕೆಗಾಗಿ. ಲಸಿಕೆ ಮತ್ತು ಚಿಕಿತ್ಸೆಯ ವಿಷಯದಲ್ಲಿ ನಿಮ್ಮ ವೈದ್ಯರ ಸಲಹೆ ಪಡೆಯಿರಿ. ಪ್ರವೇಶ ನಿಯಮಗಳು ಬದಲಾಗುತ್ತಿರುತ್ತವೆ. ಹೊರಡುವ ಮುನ್ನ ಆಯಾ ಬಂದರಿನ ಆರೋಗ್ಯ ಕಚೇರಿಯಲ್ಲಿ ವಿಚಾರಿಸಿ.