ಊದಿದ್ದೆಷ್ಟು, ಬರೆದಿದ್ದೆಷ್ಟು?



ದೀಪಾವಳಿ ಮುಗಿದು ದೆಹಲಿಯ ಮೇಲೆ ಹೊಗೆಮಂಜು ಕವಿಯುತ್ತಿದ್ದಂತೆ ನಮ್ಮ ಕನ್ನಡ ಕಾರ್ಯಕ್ರಮಕ್ಕೆ ಬರುವ ಫೋನುಗಳ ಧಾಟಿಯೇ ಬದಲಾಗುತ್ತದೆ. ಹಾಡಿನ ಕೋರಿಕೆಗಿಂತ ಮಕ್ಕಳ ಕೆಮ್ಮಿನ ಮಾತೇ ಹೆಚ್ಚು. ಮೊನ್ನೆ ದ್ವಾರಕಾದಿಂದ ತಾಯಿಯೊಬ್ಬರು ಕೇಳಿದರು: "ಮೇಡಂ, ಮಗಳಿಗೆ ಉಬ್ಬಸ. ಡಾಕ್ಟರು ಪೀಕ್ ಫ್ಲೋ ಮೀಟರ್ ತಗೊಳ್ಳಿ ಅಂದ್ರು. ಸಾದಾದ್ದು ಸಾಲದಾ? ಡಿಜಿಟಲ್ ಯಾಕೆ?" ಪ್ರಸಾರದಲ್ಲಿ ಎರಡು ನಿಮಿಷಕ್ಕೆ ಉತ್ತರ ಮುಗಿಸಬೇಕಾಯಿತು, ಸಮಾಧಾನವಾಗಲಿಲ್ಲ. ನಾನು ವೈದ್ಯೆಯಲ್ಲ, ಕನ್ನಡ ಬಿ.ಎ. ಓದಿದವಳು. ಆದರೆ ನನ್ನ ಒಂಬತ್ತು ವರ್ಷದ ಮಗನಿಗೂ ಉಬ್ಬಸವಿದೆ, ಮತ್ತು ಈ ಮೀಟರು ನಮ್ಮ ಮನೆಯ ಒಂದು ಗುಟ್ಟನ್ನು ಬಯಲು ಮಾಡಿದೆ.

ಉಬ್ಬಸ ಬಂದಾಗ ಶ್ವಾಸನಾಳಗಳು ಬಿಗಿದು ಕಿರಿದಾಗುತ್ತವೆ. ಗಾಳಿ ಒಳಗೆ ಹೋದಷ್ಟು ಸಲೀಸಾಗಿ ಹೊರಗೆ ಬರುವುದಿಲ್ಲ. ಜೋರಾಗಿ ಊದಿದಾಗ ಗಾಳಿ ಎಷ್ಟು ವೇಗವಾಗಿ ಹೊರಬರುತ್ತದೆ ಎಂಬುದನ್ನು ನಿಮಿಷಕ್ಕೆ ಇಷ್ಟು ಲೀಟರ್ ಎಂದು ಈ ಮೀಟರು ತೋರಿಸುತ್ತದೆ. ವೇಲ್ಸ್‌ನ ಗಣಿ ಕಾರ್ಮಿಕರ ಶ್ವಾಸಕೋಶದ ಕಾಯಿಲೆಯ ಸಂಶೋಧನೆಯಲ್ಲಿದ್ದ ಮಾರ್ಟಿನ್ ರೈಟ್ ಎಂಬವರು ಇದನ್ನು ರೂಪಿಸಿದರು; 1959ರಲ್ಲಿ ಅದರ ವಿವರ ಪ್ರಕಟವಾಯಿತು. ಮುಳ್ಳು ಸರಿಯುವ ಸಾದಾ ಮೀಟರುಗಳೆಲ್ಲ ಅದೇ ವಂಶದವು.

ಊದುವುದಕ್ಕೂ ಒಂದು ಕ್ರಮವಿದೆ. ಮಗು ನೆಟ್ಟಗೆ ನಿಂತು, ಎದೆ ತುಂಬ ಉಸಿರೆಳೆದು, ಕೊಳವೆಯ ಸುತ್ತ ತುಟಿ ಬಿಗಿಹಿಡಿದು, ಒಂದೇ ಸಲಕ್ಕೆ ಫಕ್ಕನೆ ಊದಬೇಕು. ನಮ್ಮಜ್ಜಿ ಊದುಗೊಳವೆಯಲ್ಲಿ ಒಲೆ ಊದುತ್ತಿದ್ದಂತೆ ನಿಧಾನವಾಗಿ ಊದಿದರೆ ಕೆಲಸಕ್ಕೆ ಬಾರದು. ಮೂರು ಸಲ ಊದಿಸಿ ಅತಿ ಹೆಚ್ಚು ಬಂದದ್ದನ್ನು ಇಟ್ಟುಕೊಳ್ಳಬೇಕು, ಸರಾಸರಿಯನ್ನಲ್ಲ. ಐದಾರು ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ಇದು ಕಷ್ಟ.

ಪಕ್ಕದ ಮನೆಯ ಮಗುವಿನ ಅಂಕಿಗೂ ನಿಮ್ಮ ಮಗುವಿನ ಅಂಕಿಗೂ ಸಂಬಂಧವಿಲ್ಲ, ಎತ್ತರದ ಮೇಲೆ ಅದು ಬದಲಾಗುತ್ತದೆ. ಮಗು ಚೆನ್ನಾಗಿರುವಾಗ ಎರಡು ಮೂರು ವಾರ ಅಳೆದು, ಅದರದ್ದೇ ಅತ್ಯುತ್ತಮ ಅಂಕಿಯನ್ನು ಕಂಡುಕೊಳ್ಳಬೇಕು. ನಮ್ಮವನದು 240. ಅದರ ಶೇಕಡ 80, ಅಂದರೆ 192ಕ್ಕಿಂತ ಮೇಲಿದ್ದರೆ ಹಸಿರು. 120ರಿಂದ 192ರವರೆಗೆ ಹಳದಿ. ಡಾಕ್ಟರು ಬರೆದುಕೊಟ್ಟ ಹಾಗೆ ಇನ್ಹೇಲರ್ ಕೊಟ್ಟು ಗಮನವಿಡಬೇಕು. ಅದಕ್ಕೂ ಕೆಳಗೆ ಕೆಂಪು. ತಕ್ಷಣ ಉಬ್ಬಸ ಇಳಿಸುವ ಇನ್ಹೇಲರ್ ಕೊಟ್ಟು ಆಸ್ಪತ್ರೆಗೆ ಓಡಬೇಕು. ಇನ್ನೊಂದು ಮಾತು. ಮಗು ಒಂದು ವಾಕ್ಯ ಪೂರ್ತಿ ಆಡಲಾರದೆ ಏದುತ್ತಿದ್ದರೆ, ಪಕ್ಕೆ ಒಳಕ್ಕೆ ಸೆಳೆಯುತ್ತಿದ್ದರೆ, ಮೀಟರು ಹುಡುಕುತ್ತ ಕೂರಬೇಡಿ.

ಈಗ ಡಿಜಿಟಲ್ ವಿಚಾರ. ಮುಳ್ಳಿನ ಬದಲು ಅಂಕಿ ಮೂಡುತ್ತದೆ. ಮೊದಲ ಒಂದು ಸೆಕೆಂಡಿನಲ್ಲಿ ಎಷ್ಟು ಗಾಳಿ ಹೊರಬಂತು ಎಂಬುದನ್ನೂ ಹಲವು ಯಂತ್ರಗಳು ಹೇಳುತ್ತವೆ. ಆದರೆ ನನಗೆ ಮುಖ್ಯವೆನಿಸಿದ್ದು ಅದರ ನೆನಪು: ದಿನಾಂಕ, ಗಂಟೆ ಸಮೇತ ಪ್ರತಿ ಊದನ್ನೂ ಇಟ್ಟುಕೊಳ್ಳುತ್ತದೆ.

ನಮ್ಮ ಮಗ ಬೆಳಿಗ್ಗೆ ಸಂಜೆ ಊದಿ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದ. 230, 235, 230, 235. ನಾನೂ ಬೀಗುತ್ತಿದ್ದೆ. ಡಿಜಿಟಲ್ ಬಂದ ಮೇಲೂ ಒಂದು ವಾರ ಪುಸ್ತಕ ನಡೆಯಿತು. ಭಾನುವಾರ ಎರಡನ್ನೂ ಪಕ್ಕದಲ್ಲಿಟ್ಟೆ. ಪುಸ್ತಕದಲ್ಲಿ ಹದಿನಾಲ್ಕು ಅಂಕಿ, ಮೀಟರಿನಲ್ಲಿ ಆರೇ. ಅದರಲ್ಲೊಂದು 170. ಅದೇ ಹೊತ್ತಿಗೆ ಪುಸ್ತಕದಲ್ಲಿ 235!

ಸಿಟ್ಟು ನೆತ್ತಿಗೇರಿತು. ಆಮೇಲೆ ತಿಳಿದದ್ದೇನೆಂದರೆ, ಇದು ನಮ್ಮೊಬ್ಬರ ಮನೆಯ ಕಥೆಯಲ್ಲ. ನೆದರ್ಲೆಂಡ್ಸ್‌ನಲ್ಲಿ 40 ಉಬ್ಬಸದ ಮಕ್ಕಳಿಗೆ, ಒಳಗೇ ದಾಖಲಾಗುತ್ತದೆಂದು ಹೇಳದೆ, ಇಂಥ ಎಲೆಕ್ಟ್ರಾನಿಕ್ ಮೀಟರು ಕೊಟ್ಟು ನೋಡಿದ್ದರು. 2001ರಲ್ಲಿ ಫಲಿತಾಂಶ ಪ್ರಕಟವಾಯಿತು: ಸರಿಯಾಗಿ ಬರೆದದ್ದು ಹೆಚ್ಚುಕಡಿಮೆ ಅರ್ಧ. ವಾರಗಳು ಕಳೆದಂತೆ ಕಲ್ಪಿತ ಅಂಕಿಗಳೇ ಹೆಚ್ಚಾದವು. ಅಂಥ ಪುಸ್ತಕ ನೋಡಿ ಡಾಕ್ಟರು ಔಷಧಿ ಕಡಿಮೆ ಮಾಡಿದರೆ ಗತಿಯೇನು?

"ಯಾಕಪ್ಪಾ ಹೀಗೆ ಬರೆದೆ?" ಎಂದೆ. ತುಂಬ ಹೊತ್ತು ಸುಮ್ಮನಿದ್ದ. "ಹಳದಿ ಬಂದ್ರೆ ನೀನು ಬೈತೀಯ ಅಮ್ಮ. ಪಾರ್ಕಿಗೂ ಬಿಡಲ್ಲ."

ಹೌದು, ಬೈಯುತ್ತಿದ್ದೆ. ಐಸ್‌ಕ್ರೀಂ ತಿಂದೆಯಾ, ಸ್ವೆಟರ್ ಹಾಕಲಿಲ್ಲವಾ ಎಂದು ಮಾರ್ಕ್ಸ್ ಕಾರ್ಡ್ ನೋಡಿದ ಹಾಗೆ ಆ ಅಂಕಿ ನೋಡುತ್ತಿದ್ದೆ. ಮೈಕಿನ ಮುಂದೆ ಉಸಿರು ತಪ್ಪಿದರೆ ವಾಕ್ಯ ಹೇಗೆ ಮುರಿಯುತ್ತದೆಂದು ಬಲ್ಲ ನನಗೇ ಅವನ ಉಸಿರಿನ ಭಯ ಕಂಡಿರಲಿಲ್ಲ.

ದ್ವಾರಕಾದ ತಾಯಿಗೆ ಹೇಳುವುದಿಷ್ಟು: ಸಾದಾ ಮೀಟರು ಅಳೆಯುವುದರಲ್ಲೇನೂ ಕಡಿಮೆಯಲ್ಲ. ನೀವು ಎದುರಿಗೆ ನಿಂತು ಊದಿಸಿ ನೀವೇ ಬರೆಯುವುದಾದರೆ ಅದೇ ಸಾಕು. ಕೆಲಸಕ್ಕೆ ಹೋಗುವವರಾದರೆ ಡಿಜಿಟಲ್ ನೋಡಿ, ಡಾಕ್ಟರ ಬಳಿ ಹೋಗುವಾಗ ಯಂತ್ರವನ್ನೇ ಒಯ್ಯಿರಿ. ಯಾವುದೇ ಆಗಲಿ, ಒಂದನ್ನೇ ಬಳಸಿ. ಒಂದರ ಅಂಕಿ ಇನ್ನೊಂದಕ್ಕೆ ತಾಳೆಯಾಗದು. ನೆನಪಿರುವ ಯಂತ್ರವಿದೆ ಎಂದು ಮಗುವಿಗೆ ಮೊದಲೇ ತಿಳಿಸಿ.

ಮೊನ್ನೆ ಬೆಳಿಗ್ಗೆ ನಾನು ಸ್ಟುಡಿಯೋಗೆ ಹೊರಡುವ ಗಡಿಬಿಡಿಯಲ್ಲಿದ್ದಾಗ ಅವನೇ ಮೀಟರು ಹಿಡಿದು ಬಂದ. "ಅಮ್ಮ, 165. ಹಳದಿ." ಸ್ಪೇಸರ್ ತಂದು ಇನ್ಹೇಲರ್ ಕೊಟ್ಟೆ. ಇಪ್ಪತ್ತು ನಿಮಿಷ ಬಿಟ್ಟು ಮತ್ತೆ ಊದಿದ: 210. ಆ ದಿನ ನಾನು ಸ್ಟುಡಿಯೋಗೆ ತಡವಾಗಿ ಹೋದೆ.