ಪ್ರಾಕ್ತನ ಸಾಕ್ಷ್ಯವಾಗಿ ನಾರಿನ ಕೆರಗಳು

ಪ್ರಾಚೀನರ ಜೀವನವನ್ನು ನಿರೂಪಿಸುವಾಗ ನಾವು ಕಲ್ಲಿನ ಆಯುಧ, ಮಡಕೆಯ ಚೂರು, ಎಲುಬು ಇವುಗಳನ್ನೇ ಹೆಚ್ಚಾಗಿ ಆಶ್ರಯಿಸುತ್ತೇವೆ. ಅವರ ಸೊತ್ತಿನಲ್ಲಿ ಇವೇ ಮುಖ್ಯವಾಗಿದ್ದುವೆಂದಲ್ಲ. ಇವು ಉಳಿದುಬಂದಿವೆ, ಅಷ್ಟೆ. ಹಗ್ಗ, ಬುಟ್ಟಿ, ಚಾಪೆ, ಬಲೆ, ಬಟ್ಟೆಗಳು ಮಣ್ಣಿನ ತೇವದಲ್ಲಿ ಬೇಗನೆ ಕೊಳೆತುಹೋಗುತ್ತವೆ. ‘ಶಿಲಾಯುಗ’ವೆಂಬ ಹೆಸರು ಒಂದು ಬಗೆಯಲ್ಲಿ ಈ ನಷ್ಟದ ಫಲವೆಂದೇ ನಮಗೆ ತೋರುತ್ತದೆ. ನಾರು ಉಳಿಯಬೇಕಾದರೆ ವಿಶೇಷ ಸಂದರ್ಭ ಒದಗಬೇಕು. ಮೊಹೆಂಜೊದಾರೊವಿನಲ್ಲಿ ಬೆಳ್ಳಿಯ ಪಾತ್ರೆಯೊಂದಕ್ಕೆ ಅಂಟಿಕೊಂಡಿದ್ದ ಹತ್ತಿಬಟ್ಟೆಯ ತುಣುಕು ಲೋಹದ ಲವಣಗಳ ದೆಸೆಯಿಂದ ಉಳಿಯಿತು. ಒಣಗಿದ ಗುಹೆಗಳು ಇನ್ನೊಂದು ಆಶ್ರಯ.

ಅಮೆರಿಕದ ಆರೆಗಾನ್ ಸಂಸ್ಥಾನದ ಫೋರ್ಟ್ ರಾಕ್ ಗುಹೆ ಅಂತಹುದು. ಆರೆಗಾನ್ ವಿಶ್ವವಿದ್ಯಾನಿಲಯದ ಲೂಥರ್ ಕ್ರೆಸ್‌ಮನ್ 1938ರಲ್ಲಿ ಅಲ್ಲಿ ಉತ್ಖನನ ನಡೆಸಿದಾಗ ಹತ್ತಾರು ಕೆರಗಳು ದೊರೆತುವು. ಅವು ಚರ್ಮದವಲ್ಲ, ಸೇಜ್‌ಬ್ರಷ್ ಎಂಬ ಪೊದೆಯ ತೊಗಟೆಯ ನಾರಿನಿಂದ ಹೆಣೆದವು. ಈ ಪೊದೆ ನಮ್ಮ ದವನದ ಕುಲಕ್ಕೇ ಸೇರಿದ್ದು.

ಹೆಣಿಗೆಯ ಕ್ರಮವನ್ನು ಕೊಂಚ ವಿವರವಾಗಿ ನೋಡಬೇಕು. ಮಗ್ಗದ ಬಟ್ಟೆಯಲ್ಲಿ ಹೊಕ್ಕಿನ ಎಳೆ ಒಂಟಿಯಾಗಿ ಹಾಸಿನ ಎಳೆಗಳ ಮೇಲೆ ಕೆಳಗೆ ನುಸುಳುತ್ತದೆ. ಇಲ್ಲಿಯಾದರೋ ಎರಡು ಹೊಕ್ಕುಗಳು ಜೊತೆಯಾಗಿ ಸಾಗಿ, ಹಾಸು ಹಾಸಿನ ನಡುವೆ ಒಂದನ್ನೊಂದು ಹುರಿಗೊಳ್ಳುತ್ತವೆ. ಇದಕ್ಕೆ ಮಗ್ಗ ಬೇಡ, ಬೆರಳು ಸಾಕು. ಅಟ್ಟೆಗೆ ಐದು ದಪ್ಪ ಹಗ್ಗಗಳು ಹಾಸು. ಹಿಮ್ಮಡಿಯಿಂದ ಬೆರಳಿನವರೆಗೆ ಒತ್ತಾಗಿ ಹೆಣೆದ ಮೇಲೆ ಆ ಹಗ್ಗಗಳನ್ನೇ ಸಣ್ಣ ಎಳೆಗಳಾಗಿ ಬಿಡಿಸಿ, ಹಿಂದಕ್ಕೆ ಮಡಿಸಿ, ಬೆರಳುಗಳನ್ನು ಮುಚ್ಚುವ ಹೊದಿಕೆಯನ್ನು ವಿರಳವಾಗಿ ಹೆಣೆದಿದ್ದಾರೆ. ಕಣಕಾಲಿಗೆ ಸುತ್ತಿ ಕಟ್ಟಲು ಒಂದು ಹುರಿ. ಇಂತಹ ಕೆಲಸ ನೋಡಿದೊಡನೆ ಬರುವುದಲ್ಲ, ಕೈಯಿಂದ ಕೈಗೆ ಕಲಿತದ್ದು. ಹುರಿ ಬಲಕ್ಕೆ ವಾಲುವುದೋ ಎಡಕ್ಕೋ ಎಂಬುದು ಕೂಡ ಅಭ್ಯಾಸದ ಗುರುತು. ಇದೇ ಮಾದರಿಯ ಕೆರಗಳು ದೂರದ ಕ್ಯಾಟ್‌ಲೊ ಗುಹೆಯಲ್ಲಿಯೂ ಸಿಕ್ಕಿರುವುದರಿಂದ, ಆ ಪ್ರದೇಶದ ಜನರಲ್ಲಿ ಪರಸ್ಪರ ಸಂಪರ್ಕವಿದ್ದಿತೆಂದು ಊಹಿಸಬಹುದು.

ಕಾಲನಿರ್ಣಯದ ಪ್ರಶ್ನೆ ಇನ್ನೂ ಕಠಿನವಾಗಿದ್ದಿತು. ಕೆರಗಳು ಮಜಾಮಾ ಅಗ್ನಿಪರ್ವತದ ಬೂದಿಯ ಪದರಕ್ಕಿಂತ ಕೆಳಗೆ ಇದ್ದುವು. ಆದಕಾರಣ ಅವು ಆ ಸ್ಫೋಟಕ್ಕಿಂತ ಹಿಂದಿನವೆಂದು ಕ್ರೆಸ್‌ಮನ್ ವಾದಿಸಿದರು. ಅಷ್ಟು ಪ್ರಾಚೀನತೆಯನ್ನು ಒಪ್ಪಲು ಅನೇಕ ವಿದ್ವಾಂಸರು ಹಿಂಜರಿದರು. ಬೂದಿಯ ವಯಸ್ಸೇ ಆಗ ಖಚಿತವಾಗಿರಲಿಲ್ಲ. ಅದು ಸುಮಾರು 7,600 ವರ್ಷಗಳ ಹಿಂದಿನದೆಂದು ಈಗ ಗೊತ್ತಾಗಿದೆ. ವಾದವನ್ನು ಮುಗಿಸಿದ್ದು ಕೆರಗಳೇ. ವಿಲ್ಲರ್ಡ್ ಲಿಬ್ಬಿಯವರು ಕಂಡುಹಿಡಿದ ವಿಕಿರಣ ಇಂಗಾಲದ ವಿಧಾನದಿಂದ 1951ರಲ್ಲಿ ಅವುಗಳ ವಯಸ್ಸು 9,053 ವರ್ಷ, ಹೆಚ್ಚು ಕಡಿಮೆ 350 ವರ್ಷ, ಎಂದು ಬಂದಿತು. ಆಮೇಲಿನ ಸೂಕ್ಷ್ಮತರ ಗಣನೆಗಳಂತೆ ಈ ಮಾದರಿ ಸುಮಾರು 10,500 ವರ್ಷಗಳಿಂದ 9,200 ವರ್ಷಗಳ ಹಿಂದಿನವರೆಗೆ ಬಳಕೆಯಲ್ಲಿದ್ದಿತು.

ವಿದ್ಯಾರ್ಥಿಗಳು ಗಮನಿಸಬೇಕಾದ ಭೇದವಿದು: ಕಲ್ಲಿನ ಕೊಡಲಿಯ ವಯಸ್ಸನ್ನು ಈ ವಿಧಾನದಿಂದ ಅಳೆಯಲಾಗದು, ಅದರ ಸಮೀಪದ ಇದ್ದಲಿನದನ್ನು ಅಳೆದು ತರ್ಕಿಸಬೇಕು, ಆ ಇದ್ದಲು ಹಳೆಯ ಮರದ್ದಾಗಿದ್ದರೆ ತರ್ಕ ತಪ್ಪುತ್ತದೆ. ನಾರಾದರೋ ತಾನೇ ವಸ್ತು, ತಾನೇ ಸಾಕ್ಷಿ. ಆದರೆ ರಕ್ಷಣೆಗೆಂದು ಬಳಿದ ಅಂಟು ಅಥವಾ ಮೇಣ ಲೆಕ್ಕವನ್ನು ಕೆಡಿಸಬಲ್ಲುದು. ಆದ್ದರಿಂದ ಮಣ್ಣಿನ ಹೆಂಟೆಗೆ ಅಂಟಿದ ಎಳೆ ಕಂಡಾಗ, ತೊಳೆದು ಬಳಿಯುವ ಮೊದಲು ಒಂದು ಭಾಗವನ್ನು ಹಾಗೆಯೇ ತೆಗೆದಿಡಬೇಕು.

ಫೋರ್ಟ್ ರಾಕ್ ಮಾದರಿ ನಿಂತ ಮೇಲೆ ಆ ಸೀಮೆಯಲ್ಲಿ ಬೇರೆ ಕ್ರಮದ ನಾರಿನ ಕೆರಗಳು ಬಳಕೆಗೆ ಬಂದುವು. ಜನರೇ ಬದಲಾದರೋ, ರೂಢಿಯೊಂದೇ ಬದಲಾಯಿತೋ ಎಂಬುದನ್ನು ಕೆರದಿಂದ ಮಾತ್ರ ನಿಶ್ಚಯಿಸಲಾಗದು; ಅದೇ ಪದರಗಳ ಬುಟ್ಟಿ ಚಾಪೆಗಳ ಹೆಣಿಗೆಯನ್ನೂ ಜೊತೆಗಿಟ್ಟು ನೋಡಬೇಕು.