ಸೇವೆ ನಿಲ್ಲದಂತೆ ಗಣಕದ ಬಲವರ್ಧನೆ

ಕೃಷ್ಣಾ ನದಿಯ ದಂಡೆಯ ಜುಗೂಳದಲ್ಲಿರುವ ರೈತನು ತನ್ನ ಹೊಲದ ಉತಾರವನ್ನು ಇಂದು ಮನೆಯಲ್ಲಿ ಕುಳಿತೇ ಮೊಬೈಲಿನಲ್ಲಿ ಕಾಣಬಲ್ಲನು. ಕರ್ನಾಟಕದ ‘ಭೂಮಿ’ ಯೋಜನೆಯು ಮೊದಲಲ್ಲಿಯೇ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿತು. ಪರೀಕ್ಷಾ ಫಲಿತಾಂಶದ ದಿನವಂತೂ ಲಕ್ಷಗಟ್ಟಲೆ ವಿದ್ಯಾರ್ಥಿಗಳು ಒಮ್ಮೆಗೇ ಒಂದೇ ವಿಳಾಸಕ್ಕೆ ಮುಗಿಬೀಳುತ್ತಾರೆ. ಇಷ್ಟು ಬೇಡಿಕೆಯನ್ನು ಒಂದೇ ಗಣಕವು ಹೊರಲಾರದು. ಆದುದರಿಂದ ದೊಡ್ಡ ಸೇವೆಗಳಲ್ಲಿ ಹಲವು ಸರ್ವರುಗಳನ್ನಿಟ್ಟು, ಬಂದ ಬೇಡಿಕೆಗಳನ್ನು ಅವುಗಳಿಗೆ ಹಂಚಿಕೊಡುವ ಒಂದು ಗಣಕವನ್ನು ಮುಂದೆ ನಿಲ್ಲಿಸುವರು. ಇದೇ ಲೋಡ್ ಬ್ಯಾಲೆನ್ಸರ್.

ಹಂಚುವವನೇ ಕುಸಿದರೆ ಗತಿಯೇನು? ಹಿಂದಿನ ಸರ್ವರುಗಳೆಲ್ಲವೂ ನೆಟ್ಟಗಿದ್ದರೂ ಸೇವೆ ನಿಂತೇಹೋಗುವುದು. ಅದಕ್ಕಾಗಿಯೇ ಇದನ್ನು ಜೋಡಿಯಾಗಿ ಇಡುವರು. ಹೊಳೆಯ ದಂಡೆಯಲ್ಲಿ ಒಂದೇ ಕೊಳವೆಗೆ ಎರಡು ಪಂಪುಗಳನ್ನು ಜೋಡಿಸಿ, ಒಂದನ್ನು ನಡೆಸುತ್ತ ಇನ್ನೊಂದನ್ನು ಸಿದ್ಧವಾಗಿಡುವಂತೆಯೇ ಇದೂ.

ಈ ಎರಡು ಗಣಕಗಳು ಒಂದೇ ಸಾಮಾನ್ಯ ವಿಳಾಸವನ್ನು ಹಂಚಿಕೊಂಡಿರುತ್ತವೆ. ಅದಕ್ಕೆ ಬಳಸುವ ನಿಯಮಾವಳಿಗಳಲ್ಲಿ ವಿ.ಆರ್.ಆರ್.ಪಿ. ಒಂದು, 1998ರಲ್ಲಿ ಅದರ ಮೊದಲ ರೂಪ ಪ್ರಕಟವಾಯಿತು. ವಿಳಾಸವನ್ನು ಹೊತ್ತ ಮುಖ್ಯ ಗಣಕವು ಸಾಮಾನ್ಯವಾಗಿ ಸೆಕೆಂಡಿಗೊಮ್ಮೆ ‘ನಾನಿದ್ದೇನೆ’ ಎಂದು ಸಾರುತ್ತದೆ. ಮೂರು ಸೆಕೆಂಡು ಕಳೆದು, ಮೇಲೆ ಇನ್ನೊಂದು ಚಿಕ್ಕ ಅವಧಿಯವರೆಗೂ ಆ ಸಂದೇಶ ಬಾರದಿದ್ದರೆ, ಸಿದ್ಧವಾಗಿದ್ದ ಗಣಕವು ವಿಳಾಸವನ್ನು ತಾನೇ ವಹಿಸಿಕೊಳ್ಳುತ್ತದೆ. ಆದ್ಯತೆಯ ಅಂಕ 100 ಇರುವ ಗಣಕಕ್ಕೆ ಈ ಕಾಲಾವಧಿ ಸುಮಾರು 3.6 ಸೆಕೆಂಡು.

ಇಂದು ಈ ಗಣಕಗಳು ಬಹುಮಟ್ಟಿಗೆ ವರ್ಚುವಲ್ ಮಷಿನ್‌ಗಳು. ಒಂದು ದೊಡ್ಡ ಯಂತ್ರದ ಸಂಸ್ಕಾರಕವನ್ನೂ ಸ್ಮೃತಿಯನ್ನೂ ಪಾಲುಮಾಡಿ, ಒಂದೊಂದು ಪಾಲನ್ನು ಸ್ವತಂತ್ರ ಗಣಕವೆಂಬಂತೆ ನಡೆಸುವುದೇ ಈ ಉಪಾಯ. 1960ರ ದಶಕದಲ್ಲಿಯೇ ಐ.ಬಿ.ಎಂ. ಸಂಸ್ಥೆಯ ಕೇಂಬ್ರಿಜ್ ಕೇಂದ್ರದಲ್ಲಿ ಇದು ರೂಪುಗೊಂಡಿತು. ಬೇಡಿಕೆ ಬೆಳೆದಾಗ ಪಾಲನ್ನು ಹಿಗ್ಗಿಸಬಹುದು; ಎರಡು ಸಂಸ್ಕಾರಕಗಳಿದ್ದಲ್ಲಿ ನಾಲ್ಕನ್ನು ಕೊಡಬಹುದು. ಆದರೆ ಅನೇಕ ವೇಳೆ ಅದಕ್ಕಾಗಿ ಆ ಗಣಕವನ್ನು ಒಮ್ಮೆ ನಿಲ್ಲಿಸಬೇಕಾಗುತ್ತದೆ. ಜೋಡಿಯಿರುವುದರ ಪ್ರಯೋಜನ ಇಲ್ಲಿಯೇ ತಿಳಿದುಬರುವುದು.

ಮೊದಲು ಬೇಡಿಕೆ ಕಡಿಮೆಯಿರುವ ಹೊತ್ತನ್ನು ಆರಿಸಬೇಕು; ಫಲಿತಾಂಶದ ಹಿಂದಿನ ದಿನ ಈ ಕೆಲಸಕ್ಕೆ ಕೈಹಾಕುವುದು ವಿವೇಕವಲ್ಲ. ಸುಮ್ಮನಿರುವ ಗಣಕವನ್ನು ಮೊದಲು ನಿಲ್ಲಿಸಿ, ಅದರ ಪಾಲನ್ನು ಹೆಚ್ಚಿಸಿ, ಮತ್ತೆ ಹೊತ್ತಿಸಬೇಕು. ಹೊಸ ಬಲವನ್ನು ಅದು ಕಂಡುಕೊಂಡಿದೆಯೆ, ಹಿಂದಿನ ಸರ್ವರುಗಳನ್ನು ತಲುಪಬಲ್ಲುದೆ, ಅದರ ನಿಯಮಗಳು ಜೊತೆಗಾರನವುಗಳಂತೆಯೇ ಇವೆಯೆ ಎಂಬುದನ್ನು ಪರೀಕ್ಷಿಸಬೇಕು. ಬಳಿಕ ಮುಖ್ಯ ಗಣಕದ ಆದ್ಯತೆಯನ್ನು ತಗ್ಗಿಸಿದರೆ ವಿಳಾಸವು ಬಲಗೊಂಡ ಗಣಕಕ್ಕೆ ವರ್ಗವಾಗುವುದು. ಕೆಲಹೊತ್ತು ಅದರ ನಡೆಯನ್ನು ಗಮನಿಸಿ, ಆಮೇಲೆಯೇ ಎರಡನೆಯದನ್ನು ನಿಲ್ಲಿಸಬೇಕು. ವರ್ಗಾವಣೆಯ ಕ್ಷಣದಲ್ಲಿ ನಡೆಯುತ್ತಿದ್ದ ಸಂಪರ್ಕಗಳ ವಿವರವನ್ನು ಎರಡೂ ಗಣಕಗಳು ಹಂಚಿಕೊಳ್ಳದಿದ್ದರೆ, ಆ ಸಂಪರ್ಕಗಳು ಮುರಿದು ಹೊಸದಾಗಿ ಆರಂಭವಾಗಬೇಕಾಗುವುದು.

ಒಂದನ್ನು ನಿಲ್ಲಿಸಿರುವಷ್ಟು ಕಾಲ ಸೇವೆಗೆ ಆಸರೆ ಮತ್ತೊಂದೇ ಎಂಬುದನ್ನು ಮರೆಯಲಾಗದು. ಎರಡೂ ಗಣಕಗಳು ಭಾರವನ್ನು ಹಂಚಿಕೊಂಡು ನಡೆಯುವ ಏರ್ಪಾಡಿನಲ್ಲಿ, ಪ್ರತಿಯೊಂದರ ಭಾರವೂ ಅರ್ಧಕ್ಕಿಂತ ಕಡಿಮೆಯಿದ್ದರೆ ಮಾತ್ರ ಒಂದನ್ನು ಬಿಡಿಸಬಹುದು. ನೂರರಲ್ಲಿ ಅರವತ್ತು ಪಾಲು ಹೊತ್ತ ಗಣಕಕ್ಕೆ ಜೊತೆಗಾರನ ಅರವತ್ತೂ ಸೇರಿದರೆ ನೂರಿಪ್ಪತ್ತಾಗುವುದಷ್ಟೆ!

ಇನ್ನೂ ಮೂರು ಎಚ್ಚರಿಕೆಗಳಿವೆ. ಹೊತ್ತಿಕೊಂಡೊಡನೆ ಹೆಚ್ಚಿನ ಆದ್ಯತೆಯ ಬಲದಿಂದ ಗಣಕವು ತಾನು ಪೂರ್ಣ ಸಿದ್ಧವಾಗುವ ಮೊದಲೇ ವಿಳಾಸವನ್ನು ಕಸಿದುಕೊಳ್ಳದಂತೆ ತಡೆಯಬೇಕು. ಎರಡೂ ಪಾಲುಗಳನ್ನು ಬೇರೆ ಬೇರೆ ಭೌತಿಕ ಯಂತ್ರಗಳಲ್ಲಿಡಬೇಕು. ಇಲ್ಲವಾದರೆ ಒಂದು ಯಂತ್ರದ ನಾಶವೇ ಜೋಡಿಯ ನಾಶ. ಕೊನೆಯದಾಗಿ, ಒಂದನ್ನು ಬಲಪಡಿಸಿ ಇನ್ನೊಂದನ್ನು ಹಾಗೆಯೇ ಬಿಡಬಾರದು. ದೊಡ್ಡದು ಕೆಟ್ಟ ದಿನವೇ ಚಿಕ್ಕದರ ಮೇಲೆ ಪೂರ್ಣ ಭಾರ ಬೀಳುವುದು. ಸಮಬಲವಿಲ್ಲದ ಎತ್ತುಗಳ ಗಾಡಿ ಸಮನೆಲದಲ್ಲಿ ಸಾಗೀತು. ಏರು ಬಂದಾಗ ಮಾತ್ರ ಅದರ ಕೊರತೆ ಹೊರಬೀಳುತ್ತದೆ.